ಸೀಸದ ಪರ ವಕಾಲತ್ತು

ಅಕ್ಕನ ಮಗ ಕ್ಯಾಲಿಫೋರ್ನಿಯಾದಲ್ಲಿದ್ದಾನೆ. ಊರಲ್ಲಿದ್ದಾಗ ಬೋನಿಗೆ ಬಿದ್ದ ಇಲಿಯನ್ನು ಹೊರಗೆ ಬಿಟ್ಟುಬರಲೂ ಹೆದರುತ್ತಿದ್ದ ಹುಡುಗ, ಅಲ್ಲಿಗೆ ಹೋದಮೇಲೆ ಲೈಸೆನ್ಸ್ ತೆಗೆಸಿಕೊಂಡು ಗೆಳೆಯರ ಜೊತೆ ಜಿಂಕೆ ಬೇಟೆಗೆ ಹೋಗುತ್ತಾನಂತೆ. ಮೊನ್ನೆ ಫೋನಿನಲ್ಲಿ, "ಮಾವ, ಇಲ್ಲಿ ಸೀಸದ ಗುಂಡು ಹಾರಿಸೋ ಹಾಗೇ ಇಲ್ಲ. ತಾಮ್ರದ್ದೇ ಆಗ್ಬೇಕು. ಸಿಕ್ಕಾಪಟ್ಟೆ ರೇಟು" ಎಂದು ಗೊಣಗಿದ. ಅವನ ಸಂಕಟ ದುಡ್ಡಿನದು. ನನಗೆ ಮಾತ್ರ ನಮ್ಮ ಮನೆಯವರನ್ನೇ ಯಾರೋ ಕೆಲಸದಿಂದ ತೆಗೆದುಹಾಕಿದರು ಅನ್ನಿಸಿತು.

ಸೀಸ ನಮ್ಮ ಮನೆಯದೇ. ತಾತನ ಹತ್ತಿರ ಬಾಯಿಂದ ಮದ್ದು ತುಂಬುವ ನಾಡಬಂದೂಕು ಇತ್ತು. ಬೆಳೆ ಕಾಯಲೆಂದು ಲೈಸೆನ್ಸ್ ಮಾಡಿಸಿದ್ದು. ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಪ್ಪಿಸಿ, ಮುಗಿದಮೇಲೆ ಬಿಡಿಸಿಕೊಂಡು ಬರಬೇಕಿತ್ತು. ನನಗೆ ಬುದ್ಧಿ ಬರುವ ಹೊತ್ತಿಗೆ 1972ರ ವನ್ಯಜೀವಿ ಕಾಯ್ದೆ ಬಂದಾಗಿತ್ತು, ಶಿಕಾರಿಯ ಕತೆಗಳು ಮಾತ್ರ ಉಳಿದಿದ್ದವು. ಶೇಂಗಾ ಹೊಲಕ್ಕೆ ಹಂದಿ ನುಗ್ಗಿದರೆ ತಾತ ಬರೀ ಮದ್ದು ಸಿಡಿಸಿ ಬೆದರಿಸುತ್ತಿದ್ದ. ಆದರೆ ಗುಂಡು ಎರೆಯುವ ಚಟ ಅವನನ್ನು ಬಿಟ್ಟಿರಲಿಲ್ಲ. ಮಾರಿಕಣಿವೆಯ ಹಿನ್ನೀರಿನಲ್ಲಿ ಬಲೆ ಬೀಸುವವರು ಹರಿದ ಬಲೆ ಎಸೆಯುವಾಗ ಅಂಚಿಗೆ ಕಟ್ಟಿದ ಸೀಸದ ಮಣಿಗಳನ್ನು ಇವನಿಗೆಂದು ತೆಗೆದಿಡುತ್ತಿದ್ದರು. ಅವನ್ನೆಲ್ಲ ಅಜ್ಜಿಯ ಕಬ್ಬಿಣದ ಸೌಟಿಗೆ ಸುರಿದು ಸೌದೆ ಒಲೆಯ ಮೇಲೆ ಹಿಡಿಯುವುದು. ಸ್ವಲ್ಪ ಹೊತ್ತಿಗೆ ಮಣಿಗಳು ಒಂದರ ಮೇಲೊಂದು ಕುಸಿದು ನೀರಾಗುತ್ತಿದ್ದವು. ಮೇಲೆ ಹಾಲಿನ ಕೆನೆಯ ಹಾಗೆ ಬೂದಿಬಣ್ಣದ ಪದರ. ಕಡ್ಡಿಯಿಂದ ಅದನ್ನು ಪಕ್ಕಕ್ಕೆ ಸರಿಸಿದರೆ ಒಳಗೆ ಫಳಫಳ ಹೊಳಪು. ಅಚ್ಚಿಗೆ ಹೊಯ್ದು, ತಣಿದ ಗುಂಡನ್ನು ಚಾಕುವಿನಿಂದ ಹೆರೆದು ನುಣುಪು ಮಾಡಿ ಡಬ್ಬಿಗೆ ಹಾಕುವುದು. ಹಾರಿಸುವುದಕ್ಕಂತೂ ಅಲ್ಲ.

"ಒಗ್ಗರಣೆ ಸೌಟೇ ಬೇಕಿತ್ತಾ ನಿಮಗೆ? ಬೇರೆ ಏನೂ ಸಿಗಲಿಲ್ವಾ?" ಎಂದು ಅಜ್ಜಿ ರೇಗುತ್ತಿದ್ದಳು. ಆ ಒಗ್ಗರಣೆ ತಿಂದೇ ನಾವೆಲ್ಲ ಬೆಳೆದದ್ದು. ನನ್ನ ಲೆಕ್ಕದ ಮಾರ್ಕ್ಸಿಗೆ ಇದೊಂದು ನೆಪವಾಗಬಹುದು ಎಂದು ಈಗ ಹೊಳೆಯುತ್ತಿದೆ. ಸೀಸ ಮಕ್ಕಳ ಮಿದುಳಿಗೆ ಮಾಡುವ ಹಾನಿ ಸುಳ್ಳಲ್ಲವಲ್ಲ.

ಸೀಸ 327 ಡಿಗ್ರಿಗೆ ಕರಗುತ್ತದೆ. ತಾಮ್ರಕ್ಕೆ 1,085 ಡಿಗ್ರಿ ಬೇಕು: ಮೂಸೆ, ತಿದಿ, ಕುಲುಮೆ, ಕಸುಬು ಬಲ್ಲ ಕೈ. ಅಜ್ಜಿಯ ಒಲೆಯಲ್ಲಿ ಆಗುವ ಮಾತಲ್ಲ. ಸೀಸಕ್ಕೆ ಆ ಬಿಗುಮಾನವಿಲ್ಲ. ಬಡವನ ಅಡುಗೆಮನೆಗೂ ಬಂದು ಕೂರುತ್ತದೆ.

ಈ ಸಲಿಗೆ ತಾತನಿಂದ ಶುರುವಾದದ್ದೂ ಅಲ್ಲ. ಚಿತ್ರದುರ್ಗದ ಚಂದ್ರವಳ್ಳಿಯನ್ನು 1929ರಲ್ಲಿ ಎಂ.ಎಚ್. ಕೃಷ್ಣ ಅಗೆಸಿದರು, 1947ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿದರು. ಅಲ್ಲಿಯ ಮಯೂರಶರ್ಮನ ಶಾಸನವನ್ನು ಎಲ್ಲರೂ ಕೊಂಡಾಡುತ್ತಾರೆ, ಕೊಂಡಾಡಲಿ. ನನಗೆ ಪ್ರಿಯವಾದದ್ದು ಈ ಸೀಮೆಯಲ್ಲಿ ಸಿಕ್ಕ ಸೀಸದ ನಾಣ್ಯಗಳು. ಶಾತವಾಹನರ ಕಾಲದಲ್ಲಿ ಸದಕಣ ಕಳಲಾಯ ಮಹಾರಥಿ ಎಂಬ ಸರದಾರನೊಬ್ಬ ಸೀಸದಲ್ಲೇ ದುಡ್ಡು ಹೊಡೆಸಿದ. ಒಂದು ಮಗ್ಗುಲಲ್ಲಿ ಹಿಣಿಲು ಎತ್ತಿ ನಿಂತ ಗೂಳಿ, ಇನ್ನೊಂದು ಮಗ್ಗುಲಲ್ಲಿ ಕಟಕಟೆಯೊಳಗೊಂದು ಮರ, ಪಕ್ಕದಲ್ಲಿ ಬೆಟ್ಟ. ಆ ಗೂಳಿ ನಮ್ಮ ಅಮೃತಮಹಲ್ ದನಗಳ ಮುತ್ತಾತ ಎಂದು ನಂಬಲು ನನಗೆ ಯಾವ ಆಧಾರವೂ ಬೇಕಿಲ್ಲ. ಹಾಗೇ ಯೋಚಿಸಿ: ಚಿನ್ನ ಬೆಳ್ಳಿ ಬಿಟ್ಟು ಸೀಸವನ್ನು ದುಡ್ಡು ಮಾಡಿದ ದೊರೆ! ಆ ದುಡ್ಡು ತಾತನ ಸೌಟಿಗೆ ಬಿದ್ದಿದ್ದರೆ ಒಂದು ಬೀಡಿ ಸೇದುವಷ್ಟರಲ್ಲಿ ಗುಂಡಾಗಿರುತ್ತಿತ್ತು.

ಇಲ್ಲಿ ಪ್ಲಿನಿ ಎಂಬ ರೋಮಿನ ಪಂಡಿತನ ಮೇಲೆ ನನ್ನದೊಂದು ಹಳೆಯ ತಕರಾರಿದೆ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ ತೀರಿಕೊಂಡವನು. ಸಾಯುವ ಮೊದಲು ಬರೆದಿಟ್ಟ ದೊಡ್ಡ ಗ್ರಂಥದಲ್ಲಿ, ಇಂಡಿಯಾದಲ್ಲಿ ತಾಮ್ರವೂ ಇಲ್ಲ, ಸೀಸವೂ ಇಲ್ಲ, ಅವಕ್ಕಾಗಿ ಅವರು ಮುತ್ತು ರತ್ನ ಕೊಡುತ್ತಾರೆ ಎಂಬರ್ಥದ ಮಾತು ಹೇಳಿಬಿಟ್ಟ. ಅವನ ಕಾಲದ ಹಡಗುಗಳು ಭರೂಚಿಗೆ ತಾಮ್ರ, ತವರ, ಸೀಸ ತಂದು ಇಳಿಸುತ್ತಿದ್ದುದು ನಿಜ. ಆದರೆ ರಾಜಸ್ಥಾನದ ಜಾವರ್‌ನಲ್ಲಿ ಅವನಿಗಿಂತ ಮೊದಲೇ ಸೀಸದ ಗಣಿ ಇತ್ತು. ತಾಮ್ರದ ಮಾತು ಬಿಡಿ, ದುರ್ಗದ ಪಕ್ಕದ ಇಂಗಳದಾಳಿನ ಗುಡ್ಡದಲ್ಲೇ ತಾಮ್ರದ ಅದಿರಿದೆ. ಹಿಂದಿನವರು ತೋಡಿದ ಗುಂಡಿಗಳೂ ಇವೆ. ನಮ್ಮ ಕಾಲದಲ್ಲಿ ಹಟ್ಟಿ ಚಿನ್ನದ ಗಣಿ ಕಂಪನಿ ಅಲ್ಲಿ ಗಣಿ ನಡೆಸಿ ಮುಚ್ಚಿತು. ಅದೇ ಪ್ಲಿನಿ ಇನ್ನೊಂದು ಕಡೆ, ಇಂಡಿಯಾ ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ನುಂಗುತ್ತದೆ ಎಂದು ಅಲವತ್ತುಕೊಂಡಿದ್ದಾನೆ. ಚಂದ್ರವಳ್ಳಿಯಲ್ಲಿ ರೋಮಿನ ಬೆಳ್ಳಿಯ ದಿನಾರಿಯಸ್ಸುಗಳೂ ಸಿಕ್ಕಿವೆ, ಅಗಸ್ಟಸ್ ಟೈಬೀರಿಯಸ್‌ರ ಕಾಲದವು. ಒಂದು ದಿನಾರಿಯಸ್ಸಿಗೆ ನಾಲ್ಕು ಸೆಸ್ಟರ್ಸ್. ಆ ಲೆಕ್ಕದಲ್ಲಿ ಅವನ ಗೋಳಿಗೆ ಚಿಲ್ಲರೆ ಪಾಲು ನಮ್ಮ ದುರ್ಗದವರದೂ ಇದೆ ಎಂಬುದು ನನಗೆ ಬಹಳ ಸಮಾಧಾನದ ಸಂಗತಿ.

ಜಿಂಕೆ ಎಲ್ಲಿ ಹೋಯಿತು ಎನ್ನುತ್ತೀರಿ. ಬಂದೆ.

ಸೀಸದ ಗುಣವೇ ಅದರ ದೋಷ. ಮೆತ್ತಗಿರುವುದರಿಂದಲೇ ಅದು ಪ್ರಾಣಿಗೆ ಬಡಿದ ಕೂಡಲೇ ಹರಡಿಕೊಂಡು ದೊಡ್ಡ ಗಾಯ ಮಾಡುತ್ತದೆ. ಇದನ್ನು ಮನುಷ್ಯರ ಮೇಲೆ ಪ್ರಯೋಗಿಸುವ ವಿದ್ಯೆಗೂ ನಮ್ಮ ದೇಶದ ಊರಿನದೇ ಹೆಸರು: 1890ರ ದಶಕದ ಕೊನೆಗೆ ಕಲ್ಕತ್ತೆಯ ಹತ್ತಿರದ ಡಮ್‌ಡಮ್ ಕಾರ್ಖಾನೆಯಲ್ಲಿ ಗುಂಡಿನ ಲೋಹದ ಕವಚವನ್ನು ಮೂತಿಯ ಹತ್ತಿರ ಬಿಡಿಸಿ ಸೀಸ ತೆರೆದಿಟ್ಟರು. 1899ರ ಹೇಗ್ ಸಮ್ಮೇಳನ ಅಂಥ ಗುಂಡನ್ನು ಯುದ್ಧದಲ್ಲಿ ಬಳಸಕೂಡದೆಂದಿತು. ಜಿಂಕೆಯ ಪರವಾಗಿ ಹೇಗ್‌ಗೆ ಯಾರೂ ಹೋಗಿರಲಿಲ್ಲ. ಹರಡುವ ಗುಂಡಿನಿಂದ ಬೇಗ ಸಾಯುತ್ತದೆ, ಅದೇ ದಯೆ, ಎಂಬುದು ಬೇಟೆಗಾರರ ವಾದ. ಒಪ್ಪತಕ್ಕದ್ದೇ.

ತೊಂದರೆ ಅಲ್ಲಿಗೆ ನಿಲ್ಲಲಿಲ್ಲ. ಈಗಿನ ರೈಫಲ್ಲಿನ ವೇಗಕ್ಕೆ ಸೀಸ ಹರಡುವುದಷ್ಟೇ ಅಲ್ಲ, ಪುಡಿಯಾಗಿ ಮಾಂಸದೊಳಗೆ ಚೆದುರುತ್ತದೆ. ಎಕ್ಸ್-ರೇ ಹಿಡಿದರೆ ಚುಕ್ಕಿ ಚುಕ್ಕಿ. 2008ರಲ್ಲಿ ಅಮೆರಿಕದ ನಾರ್ತ್ ಡಕೋಟದಲ್ಲಿ ಬಡವರಿಗೆಂದು ದಾನ ಬಂದಿದ್ದ ಜಿಂಕೆ ಮಾಂಸವನ್ನು ಇದೇ ಕಾರಣಕ್ಕೆ ಎಸೆಯಲು ಹೇಳಿದರು. ಬೇಟೆಗಾರ ಕಾಡಿನಲ್ಲೇ ಬಿಟ್ಟುಬರುವ ಕರುಳು ಬೋಟಿಯನ್ನು ಹದ್ದುಗಳು ತಿನ್ನುತ್ತವೆ, ಅವುಗಳ ಹೊಟ್ಟೆಯ ಆಮ್ಲ ಸೀಸವನ್ನು ಕರಗಿಸಿ ರಕ್ತಕ್ಕೆ ಸೇರಿಸುತ್ತದೆ. ಒಂಬತ್ತು ಅಡಿ ಮೀರಿ ರೆಕ್ಕೆ ಬಿಚ್ಚುವ ಕ್ಯಾಲಿಫೋರ್ನಿಯಾ ಕಾಂಡೋರ್ ಎಂಬ ರಣಹದ್ದು 1982ರ ಹೊತ್ತಿಗೆ ಜಗತ್ತಿನಲ್ಲಿ 22 ಉಳಿದಿದ್ದವು. 1987ರಲ್ಲಿ ಕಾಡಿನಲ್ಲಿದ್ದ ಕೊನೆಯದನ್ನೂ ಹಿಡಿದು ತಂದು, ಮರಿ ಮಾಡಿಸಿ, ಮತ್ತೆ ಹೊರಗೆ ಬಿಟ್ಟರು. ಬಿಟ್ಟವೂ ಸೀಸ ತಿಂದು ಸತ್ತವು. ಕೊನೆಗೆ ಕ್ಯಾಲಿಫೋರ್ನಿಯಾ 2013ರಲ್ಲಿ ಕಾನೂನು ಮಾಡಿ, 2019ರ ಜುಲೈ 1ರಿಂದ ಎಲ್ಲ ಬೇಟೆಗೂ ಸೀಸವನ್ನು ನಿಲ್ಲಿಸಿತು. ಡೆನ್ಮಾರ್ಕ್ ಸೀಸದ ಚರೆಯನ್ನು 1996ರಲ್ಲೇ ಬಿಡಿಸಿತ್ತು, ರೈಫಲ್ ಗುಂಡನ್ನು 2024ರಲ್ಲಿ ಬಿಡಿಸಿತು.

ತಾಮ್ರದ ಗುಂಡು ಪುಡಿಯಾಗದೆ ನಾಲ್ಕಾರು ಎಸಳಾಗಿ ಬಿರಿಯುತ್ತದೆ, ಬಹುಪಾಲು ಇಡಿಯಾಗಿಯೇ ಉಳಿಯುತ್ತದೆ. ತೂಕ ಸೀಸಕ್ಕಿಂತ ಕಡಿಮೆ, ಹಾಗಾಗಿ ಅಷ್ಟೇ ಭಾರ ಬೇಕೆಂದರೆ ಗುಂಡು ಉದ್ದವಾಗಬೇಕು. ಕೆಲವು ಹಳೆಯ ನಳಿಗೆಗಳಿಗೆ ಅದು ಸರಿಹೊಂದುವುದಿಲ್ಲವಂತೆ. ಇದು ಹದ್ದಿನ ಮೇಲಿನ ಮರುಕದಿಂದ ಹುಟ್ಟಿದ ಮಾಲೂ ಅಲ್ಲ. 1980ರ ದಶಕದಲ್ಲಿ ಬಾರ್ನ್ಸ್ ಕಂಪನಿ ಇದನ್ನು ತಂದದ್ದು ದೊಡ್ಡ ಪ್ರಾಣಿಯ ಮೈಯಲ್ಲಿ ಆಳಕ್ಕೆ ಇಳಿಯಲಿ ಎಂದು. ಪುಣ್ಯ ಆಮೇಲೆ ಸೇರಿಕೊಂಡಿತು.

ವಕೀಲನಾಗಿ ನಾನು ಸೋತೆ ಎಂದು ಒಪ್ಪುತ್ತೇನೆ. ಒಂದೇ ಒಂದು ಮಾತು ಕಡತದಲ್ಲಿರಲಿ: ನಮ್ಮ ದೇಶದ ರಣಹದ್ದುಗಳನ್ನು ಮುಗಿಸಿದ್ದು ನನ್ನ ಕಕ್ಷಿದಾರನಲ್ಲ. ದನಗಳಿಗೆ ಚುಚ್ಚುತ್ತಿದ್ದ ಡೈಕ್ಲೋಫಿನ್ಯಾಕ್ ಎಂಬ ನೋವಿನ ಔಷಧಿ. ಸತ್ತ ದನ ತಿಂದ ಹದ್ದುಗಳ ಮೂತ್ರಪಿಂಡ ಕೆಟ್ಟು, ಬಿಳಿಬೆನ್ನಿನವು ನೂರಕ್ಕೆ ತೊಂಬತ್ತೊಂಬತ್ತು ಹೋದವು. 2006ರಲ್ಲಿ ಅದನ್ನು ಪಶುಗಳಿಗೆ ಕೊಡದಂತೆ ನಿಷೇಧಿಸಿದರು, 2012ರಲ್ಲಿ ರಾಮನಗರದ ರಾಮದೇವರ ಬೆಟ್ಟವನ್ನು ರಣಹದ್ದು ಧಾಮ ಮಾಡಿದರು.

ಚಳ್ಳಕೆರೆಯ ಕಾವಲುಗಳಲ್ಲಿ, ಅತ್ತ ಮಧುಗಿರಿಯ ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳು ಈಗಲೂ ನೆಗೆದಾಡುತ್ತಿವೆ. ಅವಕ್ಕೆ ಯಾವ ಗುಂಡು ಒಳ್ಳೆಯದು ಎಂಬ ಚರ್ಚೆಗೆ ನಮ್ಮ ಕಾಯ್ದೆ ಆಸ್ಪದವನ್ನೇ ಕೊಟ್ಟಿಲ್ಲ. ಸೀಸದಲ್ಲಿ ಹೊಡೆದರೂ ತಾಮ್ರದಲ್ಲಿ ಹೊಡೆದರೂ ಮೂರರಿಂದ ಏಳು ವರ್ಷ ಜೈಲು, ಮೇಲೆ ದಂಡ.