ಹಿಡಿಯುವ ಗಂಟು

ರಾಮನಗರದ ಬಂಡೆಯೊಂದರ ಅರ್ಧದಲ್ಲಿ ಹಗ್ಗದ ಮೇಲೆ ಇಳಿಯುತ್ತಿದ್ದಾಗ ನನ್ನ ಬಲಗಾಲು ಜಾರಿತು. ಕೈಗೆ ಮೊದಲು ಸಿಕ್ಕಿದ್ದನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಸಿಕ್ಕಿದ್ದು ಮುಖದೆದುರಿಗೆ, ಮುಖ್ಯ ಹಗ್ಗಕ್ಕೆ ಸುತ್ತಿದ್ದ ಸಣ್ಣ ದಾರದ ಗಂಟು. ನಾನು ಜಾರಿದರೆ ತಡೆದು ನಿಲ್ಲಿಸಬೇಕಾದದ್ದು ಅದೇ ಗಂಟು. ಆದರೆ ಅದು ನಿಲ್ಲಿಸಲಿಲ್ಲ. ಗಂಟೂ ನಾನೂ ಒಟ್ಟಿಗೆ ಕೆಳಕ್ಕೆ ಸರಿಯುತ್ತಿದ್ದೆವು. ಕೆಳಗಿನಿಂದ ತರಬೇತುದಾರರು ಕೂಗಿದರು: "ಬಿಡು! ಗಂಟಿನಿಂದ ಕೈ ಬಿಡು!"

ಬೀಳುತ್ತಿರುವವನಿಗೆ ಕೈ ಬಿಡು ಎಂದರೆ ಹೇಗೆ ಬಿಟ್ಟಾನು? ಎರಡನೆಯ ಸಲ ಕೂಗಿದಾಗ ಬಿಟ್ಟೆ. ಗಂಟು ಟಕ್ಕನೆ ಕಚ್ಚಿಕೊಂಡಿತು. ನಾನು ಸೊಂಟಪಟ್ಟಿಯಲ್ಲಿ ನೇತಾಡುತ್ತಾ ನಿಂತೆ. ಮೇಲಿನಿಂದ ಇನ್ನೊಂದು ಕಾವಲು ಹಗ್ಗವಿತ್ತು, ಪ್ರಾಣಕ್ಕೇನೂ ಅಪಾಯವಿರಲಿಲ್ಲ ಎಂಬುದೆಲ್ಲ ಆಮೇಲೆ ನೆನಪಾಯಿತು.

ಆ ಗಂಟಿನ ಹೆಸರು ಪ್ರುಸಿಕ್. ಆಸ್ಟ್ರಿಯಾದ ಪರ್ವತಾರೋಹಿ ಕಾರ್ಲ್ ಪ್ರುಸಿಕ್ ಎಂಬಾತ ಅದನ್ನು 1931ರಲ್ಲಿ ಆರೋಹಿಗಳಿಗೆ ಪರಿಚಯಿಸಿದ. ವೃತ್ತಿಯಿಂದ ಆತ ಸಂಗೀತದ ಮೇಷ್ಟ್ರು. ತುಂಡಾದ ವಾದ್ಯದ ತಂತಿಗಳನ್ನು ಸರಿಪಡಿಸಲು ಮೊದಲು ಅದನ್ನು ಬಳಸಿದ್ದ ಎಂಬ ಕಥೆಯೂ ಇದೆ. ಕಟ್ಟುವುದು ಬಹಳ ಸುಲಭ. ಸಣ್ಣ ದಾರದ ಎರಡು ತುದಿ ಸೇರಿಸಿ ಬಳೆಯಂತೆ ಮಾಡಿಕೊಂಡು, ಅದನ್ನು ದಪ್ಪ ಹಗ್ಗದ ಸುತ್ತ ತನ್ನೊಳಗಿನಿಂದಲೇ ಎರಡು ಮೂರು ಬಾರಿ ಹಾಯಿಸಿದರೆ ಆಯಿತು. ಭಾರವಿಲ್ಲದಾಗ ಬೆರಳಿನಿಂದ ತಳ್ಳಿದರೆ ಮೇಲಕ್ಕೂ ಕೆಳಕ್ಕೂ ಸರಿಯುತ್ತದೆ. ಭಾರ ಬಿದ್ದ ತಕ್ಷಣ ಸುತ್ತುಗಳು ಬಿಗಿದು ಹಗ್ಗವನ್ನು ಹಿಂಡುತ್ತವೆ, ಹಗ್ಗವೂ ಅಲ್ಲಿ ಒಂಚೂರು ಬಾಗುತ್ತದೆ. ನಾನು ಮಾಡಿದ ತಪ್ಪು ಇಲ್ಲಿದೆ. ಗಂಟನ್ನು ಮುಷ್ಟಿಯಲ್ಲಿ ಹಿಡಿದು ಕೆಳಕ್ಕೆ ಎಳೆದಾಗ ಸುತ್ತುಗಳಿಗೆ ಬಿಗಿಯಲು ಆಸ್ಪದವೇ ಇರಲಿಲ್ಲ. ಹೆದರಿದವರು ಅದನ್ನೇ ಮಾಡುತ್ತಾರಂತೆ.

ನೆಲಕ್ಕೆ ಇಳಿದ ಮೇಲೆ ದಾರ ಬಿಚ್ಚಿ ನೋಡಿದೆ. ಒಳಮೈ ಒಂದು ಕಡೆ ಗಾಜಿನಂತೆ ಹೊಳೆಯುತ್ತಿತ್ತು. ನೈಲಾನ್ ಕರಗುವುದು 220ರಿಂದ 260 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ. ಜಾರುವ ಹಗ್ಗ ಉಜ್ಜಿ ಉಜ್ಜಿ ಆ ಶಾಖದ ಹತ್ತಿರ ಹೋಗಬಲ್ಲದು. "ಇದನ್ನ ಇನ್ನು ಬಳಸಬೇಡ" ಎಂದು ತರಬೇತುದಾರರು ದಾರವನ್ನು ನನ್ನ ಕೈಗೇ ಕೊಟ್ಟರು. ಬಸ್ಸಿನಲ್ಲಿ ಅದನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಾ ಅಪ್ಪನ ಬಗ್ಗೆ ಯೋಚಿಸುತ್ತಿದ್ದೆ.

ಅಪ್ಪ ಕೊನೆಗಾರ. ಸಾಗರದ ಕಡೆ ಬೇರೆಯವರ ತೋಟಗಳಲ್ಲಿ ಅಡಿಕೆ ಮರ ಹತ್ತಿ ಕೊನೆ ಕೊಯ್ಯುವುದು, ಮಳೆಗಾಲದಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಯುವುದು ಅವನ ಕೆಲಸ. ಮೂರು ವರ್ಷದ ಹಿಂದೆ ಆಷಾಢದಲ್ಲಿ, ಎರಡು ಮಳೆಯ ನಡುವಿನ ಹೊಳವಿನಲ್ಲಿ ಮೈಲುತುತ್ತ ಸುಣ್ಣದ ದ್ರಾವಣ ಹೊಡೆಯಲು ಹತ್ತಿದವನು ಹನ್ನೆರಡು ಅಡಿಯಿಂದ ಜಾರಿ ಬಿದ್ದ. ಹಿಮ್ಮಡಿ ಮುರಿಯಿತು. ನಾನಾಗ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಮೊದಲ ವರ್ಷ. ಆ ತೋಟದ ಕೂಲಿ ನನ್ನ ಹಾಸ್ಟೆಲ್ಲಿನ ಎರಡನೆಯ ಕಂತಿಗೆಂದು ಎತ್ತಿಟ್ಟದ್ದು. ಇದನ್ನು ಅಪ್ಪ ಹೇಳಲಿಲ್ಲ, ಅಮ್ಮ ಹೇಳಿದಳು. ನಾಲ್ಕು ತಿಂಗಳ ನಂತರ ಅವನು ಮತ್ತೆ ಮರ ಹತ್ತಿದ.

ಅಪ್ಪ ಹತ್ತುವುದು ತಳೆ ಹಾಕಿಕೊಂಡು. ಎರಡು ಪಾದಗಳನ್ನು ಸೇರಿಸುವ ಹಗ್ಗದ ಬಳೆ ಅದು. ಪಾದಗಳು ಅಗಲದಂತೆ ತಡೆಯುತ್ತದೆ. ಮೈಭಾರ ಒತ್ತಿದಷ್ಟೂ ಅಂಗಾಲುಗಳು ಮರವನ್ನು ಅವುಚಿಕೊಳ್ಳುತ್ತವೆ. ಚಿಕ್ಕಂದಿನಿಂದ ನೋಡಿದ್ದರೂ ಅದರೊಳಗೆ ಲೆಕ್ಕವಿದೆ ಎಂದು ಹೊಳೆದಿರಲಿಲ್ಲ. ಕೆಳಗೆಳೆಯುವ ಭಾರವೇ ಹಿಡಿತವಾಗುವುದು ತಳೆಯಲ್ಲೂ ಉಂಟು, ಪ್ರುಸಿಕ್ಕಿನಲ್ಲೂ ಉಂಟು.

ಸುತ್ತಿದ ಹಗ್ಗದ ಲೆಕ್ಕವನ್ನು 18ನೆಯ ಶತಮಾನದಲ್ಲಿ ಗಣಿತಜ್ಞ ಯೂಲರ್ ಕಂಡುಕೊಂಡ. ಗೂಟಕ್ಕೆ ಹಗ್ಗ ಸುತ್ತಿ ಒಂದು ತುದಿಗೆ 60 ಕೆ.ಜಿ. ಭಾರ ಕಟ್ಟಿದ್ದೀರಿ ಎಂದುಕೊಳ್ಳಿ. ಹಗ್ಗಕ್ಕೂ ಗೂಟಕ್ಕೂ ನಡುವಿನ ಘರ್ಷಣೆಯ ಅಂಕ 0.3 ಇರಲಿ. ಒಂದು ಸುತ್ತು ಇದ್ದರೆ ಇನ್ನೊಂದು ತುದಿಯನ್ನು ಸುಮಾರು 9 ಕೆ.ಜಿ.ಯಷ್ಟು ಬಲದಿಂದ ಹಿಡಿಯಬೇಕು. ಎರಡು ಸುತ್ತಿಗೆ ಒಂದೂವರೆ ಕೆ.ಜಿ.ಗಿಂತ ಕಡಿಮೆ ಸಾಕು. ಮೂರನೆಯದಕ್ಕೆ ಬರೀ 200 ಗ್ರಾಂ ಚಿಲ್ಲರೆ. ಹಿಡಿತ ಪ್ರತಿ ಸುತ್ತಿಗೂ ಆರೂವರೆ ಪಟ್ಟು ಗುಣಿಸುತ್ತಾ ಹೋಗುತ್ತದೆ. ಗೂಟ ದಪ್ಪವೋ ಸಣ್ಣವೋ ಎಂಬುದು ಈ ಲೆಕ್ಕದಲ್ಲಿ ಬರುವುದೇ ಇಲ್ಲ.

ಈಗ ಗೂಟ ಒದ್ದೆಯಾಗಿ ಆ ಅಂಕ 0.3ರಿಂದ 0.2ಕ್ಕೆ ಇಳಿಯಿತು ಎನ್ನಿ. ಮೂರು ಸುತ್ತಿನಲ್ಲಿ 286 ಪಟ್ಟು ಇದ್ದ ಹಿಡಿತ 43 ಪಟ್ಟಿಗೆ ಕುಸಿಯುತ್ತದೆ. ಮೂರನೆಯ ಒಂದು ಪಾಲು ಕಡಿಮೆಯಾದದ್ದಕ್ಕೆ ಆರನೆಯ ಒಂದು ಪಾಲೂ ಉಳಿಯಲಿಲ್ಲ. ತರಗತಿಯಲ್ಲಿ ಈ ಲೆಕ್ಕ ಬಿಡಿಸಿ ಮುಗಿಸಿದಾಗ ನನಗೆ ಕಂಡದ್ದು ಪಾಚಿ ಹಿಡಿದ ಅಡಿಕೆ ಮರ. ತಳೆಯ ಲೆಕ್ಕ ಇದೇ ಅಲ್ಲ. ಆದರೂ ಹಿಡಿತಕ್ಕೂ ಜಾರುವಿಕೆಗೂ ನಡುವಿನ ಅಂತರ ಎಷ್ಟು ತೆಳುವಾದದ್ದು ಎಂಬುದು ತಿಳಿಯಿತು.

ದಸರಾ ರಜೆಗೆ ಊರಿಗೆ ಹೋಗುವಾಗ 7 ಮಿಲಿಮೀಟರ್ ದಪ್ಪದ ಹೊಸ ನೈಲಾನ್ ದಾರ ಐದು ಮಾರು, ಒಂದು ಸೊಂಟಪಟ್ಟಿ ಕೊಂಡೊಯ್ದೆ. ಜಗಲಿಯ ಕಂಬಕ್ಕೆ ದಾರ ಸುತ್ತಿ, ಪಟ್ಟಿಗೆ ಸೇರಿಸಿ, ಕಾಲು ಮಡಿಸಿ ನೇತಾಡಿ ತೋರಿಸಿದೆ. ಅಪ್ಪ ಎಲೆ ಅಡಿಕೆ ಹಾಕಿಕೊಂಡು ನೋಡುತ್ತಿದ್ದ.

"ಎಳೆದಷ್ಟೂ ಬಿಗಿ ಆಗ್ತದೆ, ನೋಡು" ಎಂದೆ.

"ಅದಕ್ಕೇ ದನದ ಕುತ್ತಿಗೆಗೆ ಇಂಥದ್ದು ಹಾಕಲ್ಲ ಮಾರಾಯ" ಎಂದ.

ಕೊಟ್ಟಿಗೆಗೆ ಕರೆದುಕೊಂಡು ಹೋಗಿ ಕಣ್ಣಿ ತೋರಿಸಿದ. ಕುತ್ತಿಗೆಯ ಕುಣಿಕೆ ಎಷ್ಟು ಎಳೆದರೂ ಅಷ್ಟೇ ಅಗಲ ಉಳಿಯುವಂಥದ್ದು. ಅಲ್ಲಿ ಜೀರುಗುಣಿಕೆ ಹಾಕಿದರೆ ದನ ಬೆದರಿ ಎಳೆದಷ್ಟೂ ಉರುಳು ಬಿಗಿದು ಸಾಯುತ್ತದೆ. ಗೂಟದ ಕಡೆಯ ಗಂಟು ಮಾತ್ರ ತುದಿ ಜಗ್ಗಿದರೆ ಒಮ್ಮೆಗೇ ಬಿಚ್ಚಿಕೊಳ್ಳಬೇಕು; ಕೊಟ್ಟಿಗೆಗೆ ಬೆಂಕಿ ಬಿದ್ದರೆ ಕಗ್ಗಂಟು ಬಿಡಿಸುತ್ತಾ ಕೂರಲಾಗುವುದಿಲ್ಲ. "ಗಂಟು ಹಾಕೋ ಮೊದಲು ಯಾವಾಗ ಬಿಡಬೇಕು ಅಂತ ಯೋಚನೆ ಮಾಡಬೇಕು" ಎಂದ. ಅಪ್ಪ ಶಾಲೆಗೆ ಹೋದದ್ದು ನಾಲ್ಕನೆಯ ಕ್ಲಾಸಿನವರೆಗೆ.

ಆಮೇಲೆ ಹಿತ್ತಲಿನ ಅಡಿಕೆ ಮರಕ್ಕೆ ತಾನೇ ದಾರ ಸುತ್ತಿದ. ಒಂದೇ ಸಲ ನೋಡಿದ್ದ, ಸುತ್ತು ತಪ್ಪಲಿಲ್ಲ. ಆರೇಳು ಅಡಿ ಹತ್ತಿ, ಪಟ್ಟಿಯ ಮೇಲೆ ಭಾರ ಬಿಟ್ಟು ಕೂತ. ದಾರ ಕಚ್ಚಿಕೊಂಡಿತು. ಕೈ ಎರಡೂ ಮರ ಬಿಟ್ಟು ಗಾಳಿಯಲ್ಲಿದ್ದವು. ಮರದ ಮೇಲೆ ಕೈ ಖಾಲಿ ಬಿಟ್ಟು ಕೂತ ಅಪ್ಪನನ್ನು ನಾನು ನೋಡಿದ್ದು ಅದೇ ಮೊದಲು. ಅವನೂ ತನ್ನ ಅಂಗೈಗಳನ್ನು ಒಮ್ಮೆ ನೋಡಿಕೊಂಡ.

ಇಳಿದು ಬಂದು ಹೇಳಿದ: "ಹಿಡಿತದೆ. ಆದರೆ ಈ ಮರದಿಂದ ಆ ಮರಕ್ಕೆ ಹಾರುವಾಗ?"

ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಕೊನೆಗಾರರು ಪ್ರತಿ ಮರಕ್ಕೂ ಇಳಿದು ಹತ್ತುವುದಿಲ್ಲ. ತುದಿಯಲ್ಲಿ ಮರವನ್ನು ಬಾಗಿಸಿ ಪಕ್ಕದ ಮರವನ್ನು ಹಿಡಿದು ದಾಟಿಕೊಳ್ಳುತ್ತಾರೆ. ದಾರವನ್ನು ಪ್ರತಿ ಸಲ ಬಿಚ್ಚಿ ಸುತ್ತುತ್ತಾ ಹೋದರೆ ದಿನಕ್ಕೆ ಅರ್ಧ ಮರವೂ ಆಗುವುದಿಲ್ಲ. ಹತ್ತಿದ ಮರಕ್ಕೆ ಕೂಲಿ. ಆ ಕೂಲಿಯಲ್ಲಿ ನನ್ನ ಕೊನೆಯ ವರ್ಷದ ಫೀಸು. ಯೂಲರನ ಸೂತ್ರದಲ್ಲಿ ಇದಕ್ಕೆ ಜಾಗವಿಲ್ಲ. "ಈ ವರ್ಷ ಒಂದು ಆಗ್ಲಿ" ಎಂದು ಅಪ್ಪ ಹೇಳುತ್ತಿರುವುದು ಇದು ಮೂರನೆಯ ವರ್ಷ. ಹಿಡಿದುಕೊಂಡವನು ಅವನೋ, ಅವನನ್ನು ಬಿಡದವನು ನಾನೋ ಎಂದು ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಬೆಂಗಳೂರಿಗೆ ಬಂದವನೇ ಸಂಜೆ ಹೊತ್ತು ಟ್ಯೂಷನ್ ಹೇಳುವ ಕೆಲಸ ಹಿಡಿದೆ. ಮುಂದಿನ ಕಂತು ಕಳಿಸಬೇಡ ಎಂದು ಫೋನು ಮಾಡಿದೆ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಬೇರೆಯೇ ಮಾತು ತೆಗೆದ: "ನಿನ್ನ ದಾರ ತಗೊಂಡು ಹೋಗಿದ್ದೆ. ಕೊಯ್ಲಿಗೆ ಆಗಲ್ಲ. ಮಳೆಗಾಲದಲ್ಲಿ ಔಷಧಿ ಹೊಡಿಯೋಕೆ ಆಗ್ತದೆ, ಅಲ್ಲಿ ಮರದಲ್ಲೇ ಕೂತ್ಕೊಂಡು ಸುತ್ತಮುತ್ತಲಿಗೆ ಹೊಡಿಯೋದಲ್ವಾ. ಒದ್ದೆ ಮರಕ್ಕೆ ಇನ್ನೊಂದು ಸುತ್ತು ಜಾಸ್ತಿ ಹಾಕಬೇಕು, ಅಷ್ಟೆ."

ಇನ್ನೊಂದು ಸುತ್ತು ಎಂದರೆ 0.2ರ ಲೆಕ್ಕದಲ್ಲಿ ಮೂರೂವರೆ ಪಟ್ಟು. ಅದನ್ನು ಅಪ್ಪನಿಗೆ ಹೇಳಲು ಹೋಗಲಿಲ್ಲ. ದಾರ ಈಗ ಜಗಲಿಯ ಮೊಳೆಯಲ್ಲಿ, ತಳೆಯ ಪಕ್ಕದಲ್ಲಿ ನೇತಾಡುತ್ತಿದೆಯಂತೆ.