ಆ ಹಸಿವು ತಮ್ಮನದಲ್ಲ



ಅಕ್ಕಾ, ಸಂಖದಿಂದ ನೀವು ಬರೆದ ಪತ್ರ ಮುಟ್ಟಿತು. ನಿಮ್ಮ ತಮ್ಮನ ಕಿವಿಯಲ್ಲಿ ಮಾತಾಡುತ್ತಿದ್ದ ದನಿಗಳು ನಿಂತಿವೆ, ರಾತ್ರಿ ನಿದ್ದೆ ಬರುತ್ತಿದೆ, ಮತ್ತೆ ಕುರಿ ಹೊಡೆದುಕೊಂಡು ಹೋಗುತ್ತಿದ್ದಾನೆ ಎಂದು ಓದಿ ಮನಸ್ಸು ಹಗುರಾಯಿತು. ಅದರ ಮುಂದಿನ ಮಾತೇ ಕಾಡಿತು. ಎಲ್ಲರೂ ಮಲಗಿದ ಮೇಲೆ ಎದ್ದು ರೊಟ್ಟಿಬುಟ್ಟಿಗೆ ಕೈಹಾಕುತ್ತಾನೆ, ಕತ್ತಲಲ್ಲೇ ಶೇಂಗಾ ಹಿಂಡಿ ಹಚ್ಚಿಕೊಂಡು ತಿನ್ನುತ್ತಾನೆ. ಸಪ್ಪಳ ಕೇಳಿ ಅವ್ವ, “ಹೊಟ್ಟಿ ಏನ್ ಹಗೇವು ಆಗೇತೇನೋ?” ಅಂತ ಬೈಯುತ್ತಾರೆ. ಅಂಗಿಯ ಗುಂಡಿ ಕೂಡುತ್ತಿಲ್ಲ. ಈಗ ಗುಳಿಗೆಯೇ ಒಲ್ಲೆ ಅನ್ನುತ್ತಿದ್ದಾನೆ.

ಅಕ್ಕಾ, ಅದು ಅವನ ತಿಂಡಿಪೋತತನ ಅಲ್ಲ. ನೀವು ಬರೆದ ಒಲಾಂಜಪಿನ್ ಗುಳಿಗೆಯೇ ಆ ಹಸಿವನ್ನು ಹುಟ್ಟಿಸುತ್ತದೆ. ದನಿಗಳನ್ನು ತಗ್ಗಿಸಲು ಅದು ಮಿದುಳಿನಲ್ಲಿ ಡೋಪಮಿನ್‌ನ ಕೆಲಸಕ್ಕೆ ತಡೆ ಹಾಕುತ್ತದೆ. ಅಷ್ಟಕ್ಕೇ ನಿಲ್ಲದೆ ಹಿಸ್ಟಮಿನ್ನಿಗೂ ತಡೆ ಹಾಕುತ್ತದೆ. ನೆಗಡಿ ಗುಳಿಗೆ ನುಂಗಿದರೆ ಕಣ್ಣು ಎಳೆಯುತ್ತವಲ್ಲ, ಅದಕ್ಕೂ ಇದೇ ಕಾರಣ. ಇದೇ ಜಾತಿಯ ಕ್ಲೋಜಪಿನ್ ಔಷಧವನ್ನು ಅಮೆರಿಕದ ಸಾಲಮನ್ ಸ್ನೈಡರ್ ಮತ್ತು ಸಂಗಡಿಗರು 2007ರಲ್ಲಿ ಇಲಿಗಳಿಗೆ ಕೊಟ್ಟು ನೋಡಿದರು. ಮಿದುಳಿನ ಬುಡದಲ್ಲಿರುವ ಹೈಪೋಥಲಾಮಸ್‌ನಲ್ಲಿ ಹಸಿವನ್ನು ಏರಿಸುವ ಕಿಣ್ವವೊಂದು ಜೋರಾಯಿತು. ಹಿಸ್ಟಮಿನ್ನನ್ನು ಹಿಡಿಯುವ ಗ್ರಾಹಕವೇ ಇಲ್ಲದ ಇಲಿಗಳಲ್ಲಿ ಹಾಗಾಗಲಿಲ್ಲ. ಹೊಟ್ಟೆ ತುಂಬಿದ್ದರೂ ‘ಸಾಕು’ ಅನ್ನುವ ಸುದ್ದಿ ಮಿದುಳಿಗೆ ಸರಿಯಾಗಿ ತಟ್ಟದಿದ್ದರೆ ಮನುಷ್ಯ ಎಷ್ಟು ಅಂತ ತಡೆದುಕೊಂಡಾನು? ಅವ್ವನಿಗೆ ಇದೊಂದನ್ನು ನಿಧಾನಕ್ಕೆ ತಿಳಿಸಿ ಹೇಳಿರಿ. ತಾಟಿನ ಮುಂದೆ ಬೈಸಿಕೊಂಡವನು ಮೊದಲು ಬಿಡುವುದು ರೊಟ್ಟಿಯನ್ನಲ್ಲ, ಗುಳಿಗೆಯನ್ನು.

ಹಾಗೆ ಬಿಡುವಂತೆಯೂ ಇಲ್ಲ. 2005ರಲ್ಲಿ ಅಮೆರಿಕದಲ್ಲಿ ಇಲ್ಲದ ದನಿ ಕೇಳಿಸುವ ಸ್ಕಿಜೋಫ್ರೀನಿಯಾ ಕಾಯಿಲೆಯ ಸುಮಾರು 1,500 ರೋಗಿಗಳ ಮೇಲೆ ನಡೆದ ದೊಡ್ಡ ಅಧ್ಯಯನದ ಫಲ ಬಂತು. ಒಲಾಂಜಪಿನ್ ತೆಗೆದುಕೊಂಡವರಲ್ಲಿ ನೂರಕ್ಕೆ 30 ಮಂದಿಯ ತೂಕ ಶೇ. 7ಕ್ಕಿಂತ ಹೆಚ್ಚು ಏರಿತ್ತು. ಅಂದರೆ 60 ಕಿಲೋ ಇದ್ದವರು 64 ದಾಟಿದಂತೆ. ಆದರೆ ಹೋಲಿಸಿದ ಔಷಧಗಳಲ್ಲಿ ಜನ ಹೆಚ್ಚು ಕಾಲ ಬಿಡದೆ ನುಂಗಿದ್ದೂ ಇದನ್ನೇ. ನಮ್ಮ ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿಗಳಲ್ಲಿ ನಿಮ್ಹಾನ್ಸ್ ವೈದ್ಯರು ಸ್ಕಿಜೋಫ್ರೀನಿಯಾ ಇದ್ದವರನ್ನು ಹುಡುಕಿ ವರ್ಷದುದ್ದಕ್ಕೂ ಗಮನಿಸಿದಾಗ, ಔಷಧ ಪಡೆದವರು ದುಡಿಮೆಗೆ, ಜನರ ಒಡನಾಟಕ್ಕೆ ಮರಳುವುದರಲ್ಲಿ ಪಡೆಯದವರಿಗಿಂತ ಮುಂದಿದ್ದರು. ಗುಡ್ಡಾಪುರದ ದಾನಮ್ಮನಿಗೆ ಹೊತ್ತ ಹರಕೆ ತೀರಿಸಿರಿ, ಗುಳಿಗೆಯೂ ನಡೆಯಲಿ.

ಹಾಗಂತ ತೂಕವನ್ನು ಅದರ ಪಾಡಿಗೆ ಬಿಡಬೇಡಿರಿ. ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇದರ ಬೆನ್ನಿಗೇ ಬರಬಹುದು. ದನಿ ನಿಂತವಲ್ಲ, ಇನ್ನೇನು ಬೇಕು ಅನ್ನುವವರ ಮೇಲೆ ನನಗೆ ಸಿಟ್ಟಿದೆ. ಅವನ ಮೈಯೂ ಅವನದೇ ಅಲ್ಲವೇ? ಮೆಟ್‌ಫಾರ್ಮಿನ್ ಎಂಬ ಹಳೆಯ, ಅಗ್ಗದ ಸಕ್ಕರೆ ಕಾಯಿಲೆಯ ಗುಳಿಗೆ ಇದೆ. ಚೀನಾದಲ್ಲಿ ಇಂಥ ಔಷಧದಿಂದ ತೂಕ ಏರಿದ 128 ರೋಗಿಗಳ ಮೇಲೆ ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದರು: ಊಟದ ಹತೋಟಿ, ವ್ಯಾಯಾಮದ ಜೊತೆ ಅದನ್ನೂ ಕೊಟ್ಟವರ ತೂಕ ಎಲ್ಲರಿಗಿಂತ ಚೆನ್ನಾಗಿ ಇಳಿಯಿತು. ನಿಮ್ಮಷ್ಟಕ್ಕೆ ನೀವು ಅಂಗಡಿಯಿಂದ ತರಬೇಡಿರಿ. ಮೂತ್ರಪಿಂಡ ನೋಡಿಯೇ ಕೊಡಬೇಕು. ತೂಕ ಇಷ್ಟು ಏರಿಸದ ಬೇರೆ ಔಷಧಕ್ಕೆ ಬದಲಿಸಬಹುದೇ ಎಂದೂ ಕೇಳಿರಿ. ಹಸಿವು ತಗ್ಗಿಸುವ ಹೊಸ ಸೂಜಿಮದ್ದಿನ ಸುದ್ದಿ ಪೇಪರಿನಲ್ಲಿ ಬರುತ್ತಿದೆ, ಆದರೆ ಮಳೆ ನಂಬಿ ಬದುಕುವ ಮನೆಗೆ ಅದರ ಖರ್ಚು ತೂಗುತ್ತದೆಯೇ ಎಂದು ಮೊದಲು ಕೇಳಿಕೊಳ್ಳಬೇಕು.

ಮನೆಯಲ್ಲಿ ಆಗುವುದೂ ಇದೆ. ಜೋಳದ ರೊಟ್ಟಿ ಬಿಡಿಸಬೇಡಿರಿ. ಎಣಿಸಿ ಬಡಿಸಿರಿ, ಪಲ್ಯ, ಕಾಳು ಹೆಚ್ಚು ಹಾಕಿರಿ. ದಿನಕ್ಕೆ ನಾಲ್ಕಾರು ಸಲ ಸಕ್ಕರೆ ಹಾಕಿದ ಚಹಾ ಕುಡಿಯುತ್ತಾನಂತಲ್ಲ, ಮೊದಲು ಕೈಹಾಕಬೇಕಾದ್ದು ಅಲ್ಲಿ. ರಾತ್ರಿ ಎದ್ದರೆ ಸೌತೆಕಾಯಿ, ಮಜ್ಜಿಗೆ ಕೈಗೆ ಸಿಗುವಂತೆ ಇಡಿರಿ. ತಿಂಗಳಿಗೊಮ್ಮೆ ಹೊಕ್ಕುಳ ಮಟ್ಟಕ್ಕೆ ಟೇಪು ಸುತ್ತಿ ಅಳತೆ ಬರೆದಿಡಿರಿ. ಗಂಡಸರಿಗೆ 90 ಸೆಂಟಿಮೀಟರ್ ದಾಟಿದರೆ ಎಚ್ಚರ.

ಮಿರಜದ ದವಾಖಾನೆಯಲ್ಲಿ ಮರಾಠಿಯಲ್ಲಿ ಎಲ್ಲ ಹೇಳಲು ಬಾಯಿ ಬರುವುದಿಲ್ಲ ಎಂದಿದ್ದಿರಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೂ ಮಾತಾಡುತ್ತಾರೆ, ದುಡ್ಡು ಬೀಳುವುದಿಲ್ಲ. ದವಾಖಾನೆಗೆ ಹೋಗುವಾಗ ಚೀಟಿಯಲ್ಲಿ ಮೂರೇ ಮಾತು ಬರೆಸಿಕೊಂಡು ಹೋಗಿರಿ: ತೂಕ ಎಷ್ಟು ಏರಿತು, ರಕ್ತದ ಸಕ್ಕರೆ ನೋಡಿರಿ, ಮೆಟ್‌ಫಾರ್ಮಿನ್ ಕೊಡಬಹುದೇ. ಡಾಕ್ಟರು ಏನಂದರೋ ಬರೆಯಿರಿ. ತಮ್ಮನಿಗೆ ಈ ಪತ್ರ ನೀವೇ ಓದಿ ಹೇಳಿರಿ, ಅವ್ವನೂ ಹತ್ತಿರ ಕೂತಿರಲಿ.

ನಿಮ್ಮ ಗೆಳತಿ