ಮೈಸೂರಿನ ಬೀದಿಗಳಲ್ಲಿ

ಮೈಸೂರು ನಗರವನ್ನು ವರ್ಣಿಸಹೊರಟವರು ಅರಮನೆಯಿಂದ ಆರಂಭಿಸಿ ಬೃಂದಾವನದಲ್ಲಿ ಮುಗಿಸುವುದು ವಾಡಿಕೆ. ನಾವು ಈ ಸಲ ಅವೆರಡನ್ನೂ ಬಿಟ್ಟು, ಜನರು ದಿನವೂ ತುಳಿಯುವ ಬೀದಿಗಳನ್ನು ಕುರಿತು ನಾಲ್ಕು ಮಾತು ಬರೆಯಬೇಕೆಂದಿದ್ದೇವೆ. ಬೀದಿಯಲ್ಲಿ ನೋಡತಕ್ಕುದೇನಿದೆಯೆಂದು ವಾಚಕರು ಕೇಳಬಹುದು. ಒಂದು ಊರಿನ ಸಂಸಾರವು ಹೇಗೆ ಸಾಗುತ್ತಿದೆಯೆಂಬುದು ಅರಮನೆಗಿಂತ ಬೀದಿಯಲ್ಲಿಯೇ ವಿಶದವಾಗಿ ಕಾಣುವುದೆಂದು ನಮ್ಮ ಮತ.

ಈ ಊರಿನ ಬೀದಿಗಳು ತಾವಾಗಿಯೇ ಹೀಗೆ ಅಗಲವಾದುವಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ಲೇಗು ಮಾರಿಯು ಇಕ್ಕಟ್ಟಾದ ಕೇರಿಗಳಲ್ಲಿ ಹೊಕ್ಕು ಅನೇಕ ಮನೆಗಳನ್ನು ಬರಿದುಮಾಡಿತು. ಅದಾದ ಕೆಲವು ವರ್ಷಗಳಲ್ಲಿ, ಎಂದರೆ 1903ರಲ್ಲಿ, ನಗರಾಭಿವೃದ್ಧಿಗಾಗಿಯೇ ಒಂದು ಮಂಡಲಿಯು ಸ್ಥಾಪಿತವಾಯಿತು. ಹಳೆಯ ಓಣಿಗಳನ್ನು ಅಗಲಿಸಿ, ಹೊಸ ಬಡಾವಣೆಗಳನ್ನು ರಚಿಸಿ, ಗಾಳಿ ಬೆಳಕುಗಳಿಗೆ ಎಡೆಮಾಡಿಕೊಟ್ಟರು. ಆರೋಗ್ಯಕ್ಕಾಗಿ ಬಿಟ್ಟ ಆ ವಿಸ್ತಾರವೇ ಮುಂದೆ ಮೋಟಾರುಗಳ ತಂಗುದಾಣವಾದೀತೆಂದು ಆ ಹಿರಿಯರು ಎಣಿಸಿರಲಾರರು.

ನಮ್ಮ ಅಕ್ಕನವರು ಸರಸ್ವತೀಪುರದಲ್ಲಿ ವಾಸವಾಗಿದ್ದಾರೆ. ಭಾವನವರು ಬದುಕಿದ್ದಾಗ ಅವರ ಸ್ಕೂಟರಿನ ಹಿಂದೆ ಕುಳಿತು ಪೇಟೆಗೂ ದೇವಸ್ಥಾನಕ್ಕೂ ಹೋಗಿಬರುತ್ತಿದ್ದರು. 2011ರಲ್ಲಿ ಭಾವನವರು ತೀರಿಕೊಂಡರು. ಮಗನಿಗೆ ಬೆಂಗಳೂರಿನಲ್ಲಿ ಉದ್ಯೋಗ. ಅಲ್ಲಿಂದ ಮುಂದೆ ಅಕ್ಕನವರು ಹೊಸ್ತಿಲು ದಾಟುವುದೇ ಅಪರೂಪವಾಯಿತು. ನೆಂಟರ ಮನೆಯ ಶುಭಕಾರ್ಯಕ್ಕೂ ಯಾರಾದರೂ ಕರೆದೊಯ್ದರೆ ಉಂಟು, ಇಲ್ಲವಾದರೆ ಇಲ್ಲ. ಬಸ್ಸಿನಲ್ಲಿ ಹೋಗಬಹುದಲ್ಲವೆ ಎಂದು ನಾವು ಕೇಳಿದಾಗ, “ಎಷ್ಟು ಹೊತ್ತು ನಿಲ್ಲಬೇಕೋ ಯಾರಿಗೆ ಗೊತ್ತೋ! ನನ್ನ ಮಂಡಿ ಕೇಳಬೇಕಲ್ಲ” ಎಂದರು. ದುಡ್ಡಿನ ಅಭಾವವಾಗಲಿ ಸಮಯದ ಅಭಾವವಾಗಲಿ ಅವರಿಗೆ ಇರಲಿಲ್ಲ. ಕಾಯಬೇಕಾದ ಕಾಲದ ಪ್ರಮಾಣ ತಿಳಿಯದೆ ಇದ್ದುದೊಂದೇ ಅವರನ್ನು ಮನೆಯಲ್ಲಿ ಕಟ್ಟಿಹಾಕಿತ್ತು.

2012ರಲ್ಲಿ ಈ ನಗರದ ಸುಮಾರು 500 ಬಸ್ಸುಗಳಿಗೆ ಒಂದು ನೂತನ ಸಾಧನವನ್ನು ಅಳವಡಿಸಿದರು. ಅದರ ತತ್ತ್ವವು ಹೀಗೆ. ಆಕಾಶದಲ್ಲಿ ಭೂಮಿಯನ್ನು ಸುತ್ತುತ್ತಿರುವ ಕೃತಕ ಉಪಗ್ರಹಗಳು ಕಳುಹಿಸುವ ಸಂಕೇತಗಳನ್ನು ಬಸ್ಸಿನೊಳಗಿನ ಪೆಟ್ಟಿಗೆಯು ಗ್ರಹಿಸಿ, ತಾನಿರುವ ಸ್ಥಳವನ್ನು ಗಣಿಸಿಕೊಂಡು, ಮೊಬೈಲ್ ದೂರವಾಣಿಯ ಮಾರ್ಗವಾಗಿ ಒಂದು ಕೇಂದ್ರಕ್ಕೆ ತಿಳಿಸುತ್ತದೆ. ಅಲ್ಲಿಯ ಗಣಕಯಂತ್ರವು ಮುಂದಿನ ನಿಲ್ದಾಣಕ್ಕೆ ಎಷ್ಟು ನಿಮಿಷ ಹಿಡಿಯುವುದೆಂದು ಲೆಕ್ಕಹಾಕಿ, ನಿಲ್ದಾಣದಲ್ಲಿ ತೂಗುಹಾಕಿದ ಹಲಗೆಯ ಮೇಲೆ ದೀಪಾಕ್ಷರಗಳಲ್ಲಿ ಮೂಡಿಸುತ್ತದೆ. ಬಸ್ಸಿನೊಳಗೆ ಮುಂದಿನ ನಿಲ್ದಾಣದ ಹೆಸರನ್ನು ಕೂಗಿ ಹೇಳುವ ಏರ್ಪಾಡೂ ಇದರೊಡನೆ ಬಂದಿತು. ಓದುಬಾರದವರಿಗೂ ಕಣ್ಣಿಲ್ಲದವರಿಗೂ ಇದರಿಂದಾದ ಉಪಕಾರವನ್ನು ಕಣ್ಣುಳ್ಳವರು ಊಹಿಸುವುದು ಕಷ್ಟ.

2013ರಲ್ಲಿ ದಸರೆ ಕಳೆದ ಮೇಲೆ ನಾವು ಹೋದಾಗ ಅಕ್ಕನವರೇ ನಮ್ಮನ್ನು ನಿಲ್ದಾಣಕ್ಕೆ ಕರೆದುಕೊಂಡು ಹೋದರು. ಹಲಗೆಯನ್ನು ನೋಡಿ, “ಇನ್ನೂ ಹನ್ನೊಂದು ನಿಮಿಷವಿದೆ ಕಣೋ, ಅಷ್ಟರಲ್ಲಿ ಸೊಪ್ಪು ತರುತ್ತೇನೆ, ನೀನು ಇಲ್ಲಿ ಕೂತಿರು” ಎಂದು ಹೇಳಿ, ಎದುರಿಗಿದ್ದ ಗಾಡಿಯ ಬಳಿಗೆ ನಡೆದರು. ಯಂತ್ರಕ್ಕೆ ಬುದ್ಧಿಯುಂಟೆಂದು ಈಗಿನವರು ಹೇಳುವುದನ್ನು ನಾವು ಒಪ್ಪೆವು. ಆದರೆ ಆ ಹನ್ನೊಂದು ನಿಮಿಷಗಳ ಒಡೆತನವನ್ನು ಯಂತ್ರವು ಅಕ್ಕನವರಿಗೆ ಕೊಟ್ಟಿತೆಂಬುದು ದಿಟ. ಅಂದು ದೇವರಾಜ ಮಾರುಕಟ್ಟೆಯಲ್ಲಿ ಅವರು ಈರನಗೆರೆಯ ಬದನೆಕಾಯಿಯನ್ನು ಒಂದೊಂದಾಗಿ ಆರಿಸಿ ಚೌಕಾಸಿ ಮಾಡಿದುದನ್ನು ನೋಡಿ ನಮಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಅರಮನೆಯ ಉತ್ತರಕ್ಕೆ ನಿಂತಿರುವ ದೊಡ್ಡ ಗಡಿಯಾರವನ್ನು ವಾಚಕರು ನೋಡಿರಬಹುದು. ನಾಲ್ವಡಿ ಕೃಷ್ಣರಾಜ ಒಡೆಯರ ಆಳಿಕೆಗೆ ಇಪ್ಪತ್ತೈದು ವರ್ಷ ತುಂಬಿದ ನೆನಪಿಗಾಗಿ 1927ರಲ್ಲಿ ಅರಮನೆಯ ನೌಕರರು ಕಟ್ಟಿಸಿದ್ದು. ಅದರ ಮುಖದ ಮೇಲೆ ಕನ್ನಡದ ಅಂಕಿಗಳಿವೆ. ಕೈಗಡಿಯಾರ ಕೊಳ್ಳಲಾರದವನಿಗೂ ಅದು ಸಮಯವನ್ನು ಹೇಳುತ್ತಿತ್ತು. ಬಸ್ಸಿನ ಹಲಗೆಯೂ ಇದೇ ಕುಲಕ್ಕೆ ಸೇರಿದುದು. ಆದರೆ ತಪ್ಪು ತೋರಿಸುವ ಗಡಿಯಾರಕ್ಕಿಂತ ಗಡಿಯಾರವಿಲ್ಲದಿರುವುದೇ ಲೇಸು. ಇಂಥ ಹಲಗೆಗಳನ್ನು ಹಾಕಿಸುವ ಉತ್ಸಾಹದಷ್ಟೇ ಅವನ್ನು ಕೆಡದಂತೆ ನೋಡಿಕೊಳ್ಳುವ ಶ್ರದ್ಧೆಯೂ ಎಲ್ಲ ಊರುಗಳಲ್ಲಿಯೂ ಇರಬೇಕು.

2017ರ ಜೂನ್ ತಿಂಗಳಲ್ಲಿ ‘ಟ್ರಿಣ್ ಟ್ರಿಣ್’ ಎಂಬ ಹೆಸರಿನಲ್ಲಿ ಸಾರ್ವಜನಿಕ ಬೈಸಿಕಲ್ಲುಗಳು ಇಲ್ಲಿ ಬಂದುವು. ಮೊದಲಿಗೆ 450 ಬೈಸಿಕಲ್ಲುಗಳು. ಆಗ ಸದಸ್ಯನಾದವನು ತನ್ನ ಕಾರ್ಡನ್ನು ತೋರಿಸಿದರೆ ಬೀಗ ಬಿಡುತ್ತಿತ್ತು. ಏರಿ ಹೋಗಿ, ಬೇಕಾದ ಬೇರೊಂದು ನಿಲ್ದಾಣದಲ್ಲಿ ಬಿಟ್ಟು ನಡೆಯಬಹುದಾಗಿತ್ತು. ಅಕ್ಕನವರ ಮಹಡಿಯಲ್ಲಿ ಬಾಡಿಗೆಗಿದ್ದ ವಿದ್ಯಾರ್ಥಿಯೊಬ್ಬನು ಇದರಲ್ಲಿಯೇ ಕಾಲೇಜಿಗೆ ಹೋಗುತ್ತಿದ್ದನು. ತಂದೆಯ ಬಳಿ ಮೋಟಾರುಸೈಕಲ್ಲು ಕೇಳುವ ಸಂಕೋಚ ತನಗೆ ತಪ್ಪಿತೆಂದು ನಮ್ಮೊಡನೆ ಹೇಳಿದ್ದನು. ಸಾಲಮಾಡಿ ವಾಹನ ಕೊಡಿಸುವ ಗೃಹಸ್ಥರು ಈ ಮಾತನ್ನು ಗಮನಿಸಬೇಕು.

ಇನ್ನು ಕಾಲುದಾರಿಯ ವಿಷಯ. ಬಸ್ಸಿನಲ್ಲಿ ಹೋಗುವವನು ಮನೆಯಿಂದ ನಿಲ್ದಾಣಕ್ಕೂ ನಿಲ್ದಾಣದಿಂದ ಕೆಲಸದ ಸ್ಥಳಕ್ಕೂ ನಡೆಯಲೇಬೇಕಷ್ಟೆ. ಆ ನಾನೂರು ಹೆಜ್ಜೆಗಳ ಕಲ್ಲುಚಪ್ಪಡಿ ಮುರಿದಿದ್ದರೆ ಉಪಗ್ರಹವು ಏನು ಮಾಡೀತು? ಯಾರಿಗೆ ದಾರಿ ಬಿಡಬೇಕೆಂದು ಮನುಸ್ಮೃತಿಯಲ್ಲಿ ಒಂದು ಪಟ್ಟಿಯುಂಟು: ರಥದಲ್ಲಿರುವವನು, ತೊಂಬತ್ತು ದಾಟಿದ ವೃದ್ಧನು, ರೋಗಿ, ಹೊರೆ ಹೊತ್ತವನು, ಸ್ತ್ರೀ, ಇತ್ಯಾದಿ. ನಮ್ಮ ಕಾಲದ ವಾಹನವಂತರು ಮೊದಲನೆಯ ಹೆಸರಿನವರೆಗೆ ಓದಿ ಪುಸ್ತಕವನ್ನು ಮುಚ್ಚಿದಂತೆ ತೋರುತ್ತದೆ. ಸಂಸ್ಕೃತದಲ್ಲಿ ‘ಚರ್’ ಎಂಬ ಧಾತುವಿನಿಂದಲೇ ಸಂಚಾರ, ಆಚಾರ, ವಿಚಾರ, ಚರಿತ್ರೆ ಈ ಶಬ್ದಗಳೆಲ್ಲ ಹುಟ್ಟಿವೆಯೆಂದು ತರಗತಿಯಲ್ಲಿ ಹೇಳುತ್ತಿದ್ದೆವು. ಹುಡುಗರು ನಗುತ್ತಿದ್ದರು, ಅದಿರಲಿ.

ನಡೆಯುವವರ ಸುಖವನ್ನು ನೋಡಬೇಕಾದರೆ ಕುಕ್ಕರಹಳ್ಳಿ ಕೆರೆಯ ಏರಿಗೆ ಹೋಗಬೇಕು. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಕೆರೆ. ಕುವೆಂಪುರವರು ಅಡ್ಡಾಡುತ್ತಿದ್ದ ದಾರಿ. ಬೆಳಗಿನ ಹೊತ್ತು ಅಲ್ಲಿ ನ್ಯಾಯಾಧೀಶರೂ ಬಡಗಿಯೂ ಒಂದೇ ವೇಗದಲ್ಲಿ ನಡೆಯುತ್ತಾರೆ. ಮೋಟಾರಿನಲ್ಲಿ ಎದುರಾದರೆ ಶಬ್ದಮಾಡಿಕೊಂಡು ಹೋಗಿಬಿಡುವ ನೆರೆಹೊರೆಯವರು ಇಲ್ಲಿ ನಿಂತು, ಮಗಳ ಹೆರಿಗೆ ಆಯಿತೆ, ಸಕ್ಕರೆ ಕಾಯಿಲೆ ಹೇಗಿದೆ ಎಂದು ವಿಚಾರಿಸುತ್ತಾರೆ. ಅಕ್ಕನವರಿಗೆ ಇಲ್ಲಿಯೇ ಐದಾರು ಮಂದಿ ಸ್ನೇಹಿತೆಯರು ದೊರೆತರು.

2023ರ ಜೂನ್ 11ರಿಂದ ನಮ್ಮ ರಾಜ್ಯದಲ್ಲಿ ಸ್ತ್ರೀಯರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂದಿತು. ಬೊಕ್ಕಸದ ಲೆಕ್ಕವನ್ನು ಬಲ್ಲವರು ಇದನ್ನು ಕುರಿತು ವಾದಿಸುತ್ತಿದ್ದಾರೆ, ವಾದಿಸಲಿ. ಕಳೆದ ಶ್ರಾವಣದಲ್ಲಿ ನಾವು ಮುಂಚಿತವಾಗಿ ತಿಳಿಸದೆ ಹೋದಾಗ ಅಕ್ಕನವರ ಮನೆಗೆ ಬೀಗ ಹಾಕಿತ್ತು. ಪಕ್ಕದ ಮನೆಯ ಹುಡುಗಿಯು ಬಂದು, “ಅಜ್ಜಿ ಗೆಳತಿಯರ ಜೊತೆ ನಂಜನಗೂಡಿಗೆ ಹೋಗಿದ್ದಾರೆ, ಸಾಯಂಕಾಲ ಬರುತ್ತಾರಂತೆ, ಬೀಗದ ಕೈ ನಮ್ಮಲ್ಲಿದೆ” ಎಂದಳು. ನಾವು ಒಳಗೆ ಹೋಗಿ, ಕಾಫಿಯನ್ನು ನಾವೇ ಬೆರಸಿಕೊಂಡು ಕುಡಿದೆವು.